ಪಕ್ಷನಿಷ್ಠೆ ಅಡ್ಡ ಬಂದಾಗ ದುರ್ಬಲರ ರಕ್ಷಣೆ ಎಲ್ಲಿ, ಹೇಗೆ ಸಡಿಲಗೊಳ್ಳುತ್ತದೆ?

2019ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಹಿರಿಯ ರಾಜಕಾರಣಿ ಡೇವಿಡ್ ಸ್ಟೀಲ್ ಲಂಡನ್ನಿನಲ್ಲಿ ವಿಚಾರಣಾ ಆಯೋಗವೊಂದರ ಮುಂದೆ ಸಾಕ್ಷ್ಯ ನುಡಿದರು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ದೂರುಗಳನ್ನು ಬೇರೆ ಬೇರೆ ಸಂಸ್ಥೆಗಳು ಹೇಗೆ ನಿಭಾಯಿಸಿದವು ಎಂಬುದನ್ನು ಪರಿಶೀಲಿಸಲು ನೇಮಕವಾಗಿದ್ದ ಆಯೋಗ ಅದು. ಸ್ಟೀಲ್ ಅವರು ಲಿಬರಲ್ ಪಕ್ಷದ ನಾಯಕರಾಗಿದ್ದ 1979ರಲ್ಲಿ, ಅವರದೇ ಪಕ್ಷದ ಸಂಸದ ಸಿರಿಲ್ ಸ್ಮಿತ್ 1960ರ ದಶಕದಲ್ಲಿ ರೋಚ್‌ಡೇಲ್ ಪಟ್ಟಣದ ಬಾಲಕರ ವಸತಿಗೃಹವೊಂದರಲ್ಲಿ ಹುಡುಗರ ಮೇಲೆ ದೌರ್ಜನ್ಯ ಎಸಗಿದ್ದರೆಂಬ ಆರೋಪ ಪತ್ರಿಕೆಗಳಲ್ಲಿ ಬಂದಿತ್ತು. ಆಗ ತಾವು ಸ್ಮಿತ್ ಅವರನ್ನು ಕರೆದು ಕೇಳಿದ್ದಾಗಿಯೂ, ಅವರ ಉತ್ತರ ಕೇಳಿದ ಮೇಲೆ ಆರೋಪ ನಿಜವಿರಬೇಕೆಂದೇ ಭಾವಿಸಿದ್ದಾಗಿಯೂ ಸ್ಟೀಲ್ ಆಯೋಗಕ್ಕೆ ತಿಳಿಸಿದರು. ಮುಂದೇನು ಮಾಡಿದಿರಿ ಎಂಬ ಪ್ರಶ್ನೆಗೆ ಅವರ ಬಳಿ ಇದ್ದ ಉತ್ತರ ಚಿಕ್ಕದು. ಅದು ಸ್ಮಿತ್ ಸಂಸದರಾಗುವುದಕ್ಕೆ ಮೊದಲು, ತಮ್ಮ ಪಕ್ಷ ಸೇರುವುದಕ್ಕೂ ಮೊದಲು ನಡೆದ ಸಂಗತಿ. ಆದ್ದರಿಂದ ಏನೂ ಮಾಡಲಿಲ್ಲ. 1988ರಲ್ಲಿ ಸ್ಮಿತ್ ಅವರಿಗೆ ‘ಸರ್’ ಪದವಿ ದೊರೆಯಿತು. ಅದಕ್ಕೆ ಶಿಫಾರಸು ಮಾಡಿದವರೂ ಸ್ಟೀಲ್ ಅವರೇ.

ಇಂಥ ಪ್ರಕರಣ ಬಯಲಿಗೆ ಬಂದಾಗಲೆಲ್ಲ ಓದುಗರು ಮೊದಲು ಕೇಳುವುದು, ‘ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲವೇ?’ ಎಂದು. ವಿಚಾರಣಾ ವರದಿಗಳನ್ನು ಓದುತ್ತಾ ಹೋದರೆ ಹೆಚ್ಚಿನ ಕಡೆ ಸಿಗುವ ಉತ್ತರ ಇನ್ನಷ್ಟು ನೋವು ಕೊಡುವಂಥದು. ಅನೇಕರಿಗೆ ಗೊತ್ತಿತ್ತು, ಕೆಲವರು ಹೇಳಿಯೂ ಇದ್ದರು. ಗೊತ್ತಿದ್ದ ಸಂಗತಿ ಕ್ರಮವಾಗಿ ಬದಲಾಗದೆ ನಡುವೆ ಎಲ್ಲೋ ನಿಂತುಹೋಯಿತು. ಅದು ನಿಲ್ಲಲು ಭಯ, ಸೋಮಾರಿತನ, ಹಣ ಹೀಗೆ ಹಲವು ಕಾರಣಗಳಿರುತ್ತವೆ. ಅವುಗಳ ಪೈಕಿ ರಾಜಕೀಯ ನಿಷ್ಠೆ ಎಂಬ ಒಂದು ಕಾರಣ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಈ ಲೇಖನ ವಿವರಿಸುತ್ತದೆ.

ದುರ್ಬಲರು ಯಾರು, ರಕ್ಷಣೆ ಎಂದರೇನು?

ಇಲ್ಲಿ ದುರ್ಬಲರು ಎಂಬ ಮಾತು ಸ್ವಭಾವದ ದೌರ್ಬಲ್ಯವನ್ನು ಕುರಿತದ್ದಲ್ಲ. ತಮ್ಮ ಮೇಲೆ ಅನ್ಯಾಯವಾದಾಗ ಅದನ್ನು ತಾವಾಗಿಯೇ ತಡೆಯಲು, ಅಲ್ಲಿಂದ ಹೊರಟುಬರಲು ಅಥವಾ ನಂಬುವಂತೆ ಹೇಳಲು ಆಗದ ಸ್ಥಿತಿಯಲ್ಲಿ ಇರುವವರೆಲ್ಲ ದುರ್ಬಲರೇ. ಮಕ್ಕಳು, ಆರೈಕೆಗಾಗಿ ಇನ್ನೊಬ್ಬರನ್ನು ಅವಲಂಬಿಸಿರುವ ವೃದ್ಧರು, ತೀವ್ರ ಮಾನಸಿಕ ಕಾಯಿಲೆಯುಳ್ಳವರು, ಬುದ್ಧಿಮಾಂದ್ಯರು, ಆಶ್ರಯಗೃಹಗಳಲ್ಲಿ ಇರುವವರು ಇದರಲ್ಲಿ ಸೇರುತ್ತಾರೆ. ಇವರೆಲ್ಲರಿಗೂ ಸಮಾನವಾದ ಒಂದು ಅಂಶವಿದೆ: ಇವರಿಗೆ ನೆರವಾಗಬೇಕಾದವರ ಕೈಯಲ್ಲೇ ಇವರಿಗೆ ಕೇಡು ಮಾಡುವ ಅವಕಾಶವೂ ಇರುತ್ತದೆ.

ಅಪರಾಧ ನಡೆದ ಮೇಲೆ ತಪ್ಪಿತಸ್ಥರನ್ನು ಹಿಡಿದು ಶಿಕ್ಷಿಸುವುದು ಪೊಲೀಸರ ಮತ್ತು ನ್ಯಾಯಾಲಯದ ಕೆಲಸ. ರಕ್ಷಣಾ ವ್ಯವಸ್ಥೆಯ ಕೆಲಸ ಅದಕ್ಕಿಂತ ಮೊದಲೇ ಶುರುವಾಗುತ್ತದೆ. ಅಡುಗೆಮನೆಯಲ್ಲಿ ಅನಿಲದ ವಾಸನೆ ಬಂದರೆ ನಾವು ಮೊದಲು ಕೊಳವೆಯನ್ನು ಮುಚ್ಚಿ, ಕಿಟಕಿ ತೆರೆದು, ಮನೆಯವರನ್ನು ಹೊರಗೆ ಕಳಿಸುತ್ತೇವೆ. ಸೋರಿಕೆ ನಿಜವೇ, ಎಲ್ಲಿಂದ, ಯಾರ ತಪ್ಪು ಎಂಬ ಪರೀಕ್ಷೆ ಆಮೇಲಿನದು. ಪೂರ್ತಿ ಪುರಾವೆ ಸಿಗುವ ತನಕ ಕಾಯುವುದು ಇಲ್ಲಿ ಅಪಾಯಕಾರಿ. ರಕ್ಷಣೆಯ ತರ್ಕವೂ ಇದೇ: ಸಕಾರಣವಾದ ಅನುಮಾನ ಹುಟ್ಟಿದ ಕೂಡಲೇ ಅಪಾಯದಲ್ಲಿ ಇರಬಹುದಾದ ವ್ಯಕ್ತಿಯನ್ನು ಸುರಕ್ಷಿತವಾಗಿ ಇರಿಸುವುದು, ಆಮೇಲೆ ಸತ್ಯಾಸತ್ಯ ನೋಡುವುದು.

ಇದು ನಡೆಯಬೇಕಾದರೆ ಒಂದು ಸರಪಳಿ ಬೇಕು. ಯಾರಾದರೂ ಗಮನಿಸಬೇಕು, ಗಮನಿಸಿದವರು ಹೇಳಬೇಕು, ಕೇಳಿಸಿಕೊಂಡವರು ಅದನ್ನು ಬರೆದಿಟ್ಟು ಮುಂದಕ್ಕೆ ಕಳಿಸಬೇಕು, ಅಧಿಕಾರ ಇರುವವರು ತಡ ಮಾಡದೆ ಕ್ರಮ ಕೈಗೊಳ್ಳಬೇಕು. ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಉಳಿದ ಕೊಂಡಿಗಳು ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ. ರಾಜಕೀಯ ನಿಷ್ಠೆ ಈ ನಾಲ್ಕು ಕೊಂಡಿಗಳಲ್ಲಿ ಯಾವುದನ್ನು ಬೇಕಾದರೂ ಕಳಚಬಲ್ಲದು.

ನಿಷ್ಠೆ ತಾನಾಗಿ ಕೆಟ್ಟದ್ದೇ?

ಅಲ್ಲ. ಒಬ್ಬರನ್ನೊಬ್ಬರು ನಂಬದೆ ಯಾವ ಪಕ್ಷವೂ, ಚಳವಳಿಯೂ, ಸಂಘಟನೆಯೂ ನಿಲ್ಲಲಾರದು. ಸೋತಾಗ ಜೊತೆಗೆ ನಿಲ್ಲುವುದು, ಸಭೆಯಲ್ಲಿ ಒಮ್ಮೆ ತೀರ್ಮಾನವಾದ ಮೇಲೆ ಹೊರಗೆ ಒಂದೇ ದನಿಯಲ್ಲಿ ಮಾತನಾಡುವುದು ರಾಜಕಾರಣದಲ್ಲಿ ಗುಣಗಳೇ. ನಿಷ್ಠೆಗಾಗಿ ತಪ್ಪು ಮಾಡುವವರಲ್ಲಿ ಹೆಚ್ಚಿನವರು ದುಷ್ಟರೂ ಅಲ್ಲ. ಈ ವಿಷಯ ಅರ್ಥವಾಗಬೇಕಾದರೆ ಈ ಮಾತನ್ನು ಮೊದಲೇ ಒಪ್ಪಿಕೊಳ್ಳಬೇಕು, ಏಕೆಂದರೆ ದುಷ್ಟರನ್ನು ಮಾತ್ರ ಹುಡುಕುತ್ತಾ ಹೋದರೆ ವ್ಯವಸ್ಥೆ ಮುರಿದ ಜಾಗ ಕಣ್ಣಿಗೆ ಬೀಳುವುದಿಲ್ಲ.

ತೊಂದರೆ ಶುರುವಾಗುವುದು ಪ್ರಶ್ನೆ ಬದಲಾದಾಗ. ರಕ್ಷಣೆಯ ದೃಷ್ಟಿಯಿಂದ ಒಂದು ದೂರು ಬಂದರೆ ಕೇಳಬೇಕಾದ ಪ್ರಶ್ನೆ, ‘ಈ ಮಗು, ಈ ರೋಗಿ ಈಗ ಸುರಕ್ಷಿತವೇ?’ ಎಂಬುದು. ಅದೇ ದೂರು ಪಕ್ಷದ ಕಚೇರಿಗೆ ಬಂದಾಗ ತಾನೇ ತಾನಾಗಿ ಹುಟ್ಟುವ ಪ್ರಶ್ನೆಗಳು ಬೇರೆ: ಹೇಳುತ್ತಿರುವವರು ಯಾರ ಕಡೆಯವರು? ಇದು ಹೊರಗೆ ಬಂದರೆ ಯಾರಿಗೆ ಲಾಭ? ಚುನಾವಣೆಗೆ ಎಷ್ಟು ದಿನ ಉಳಿದಿದೆ? ಈ ಪ್ರಶ್ನೆಗಳು ರಾಜಕಾರಣದ ಮಟ್ಟಿಗೆ ಅಸಹಜವೇನೂ ಅಲ್ಲ. ಆದರೆ ಇವುಗಳಿಗೆ ಉತ್ತರ ಹುಡುಕುವಷ್ಟರಲ್ಲಿ ಮೊದಲ ಪ್ರಶ್ನೆಯನ್ನು ಕೇಳುವವರೇ ಇಲ್ಲವಾಗುತ್ತಾರೆ.

ದೂರು ಯಾರ ಮೇಜಿಗೆ ಹೋಯಿತು?

ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ಹಿಂದೆ ಪ್ರೌಢಶಾಲೆಯ ವಿದ್ಯಾರ್ಥಿಗಳನ್ನು ಸಂದೇಶವಾಹಕರಾಗಿ ಕೆಲಸಕ್ಕೆ ತೆಗೆದುಕೊಳ್ಳುವ ಪದ್ಧತಿಯಿತ್ತು. ಫ್ಲಾರಿಡಾದ ಸಂಸದ ಮಾರ್ಕ್ ಫೋಲಿ ಅಂಥ ಹುಡುಗರಿಗೆ ಅನುಚಿತ ಸಂದೇಶಗಳನ್ನು ಕಳುಹಿಸುತ್ತಿದ್ದ ಸಂಗತಿ 2006ರ ಸೆಪ್ಟೆಂಬರ್ ಕೊನೆಯಲ್ಲಿ ಬಹಿರಂಗವಾಗಿ, ಅವರು ರಾಜೀನಾಮೆ ನೀಡಿದರು. ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಸಂಸದರ ಗುಂಪಿನ ಮುಂಚೂಣಿಯಲ್ಲಿದ್ದವರು ಇವರೇ.

ಈ ಪ್ರಕರಣದಲ್ಲಿ ನೋಡಬೇಕಾದದ್ದು ದೂರು ಸಾಗಿದ ದಾರಿಯನ್ನು. ಹಿಂದಿನ ವರ್ಷವೇ ಒಬ್ಬ ಹುಡುಗ ತನಗೆ ಬಂದ ಸಂದೇಶಗಳನ್ನು ತನ್ನ ಕ್ಷೇತ್ರದ ಸಂಸದರ ಕಚೇರಿಗೆ ಕಳುಹಿಸಿದ್ದ. ವಿದ್ಯಾರ್ಥಿಗಳ ಮೇಲ್ವಿಚಾರಣೆಗೆ ಎರಡೂ ಪಕ್ಷಗಳ ಸದಸ್ಯರಿದ್ದ ಮಂಡಳಿಯೊಂದಿತ್ತು. ಸಂಗತಿ ಫೋಲಿ ಅವರದೇ ಆಡಳಿತ ಪಕ್ಷಕ್ಕೆ ಸೇರಿದ ಅದರ ಅಧ್ಯಕ್ಷರಿಗೆ ಮುಟ್ಟಿತು, ಅವರು ಫೋಲಿ ಅವರಿಗೆ ಬುದ್ಧಿ ಹೇಳಿ ಕಳಿಸಿದರು, ಆದರೆ ಮಂಡಳಿಯ ಉಳಿದ ಸದಸ್ಯರಿಗೆ ತಿಳಿಸಲಿಲ್ಲ. ಕೆಲವು ತಿಂಗಳ ನಂತರ ಅದೇ ಸಂಗತಿ ಪಕ್ಷದ ಚುನಾವಣಾ ಪ್ರಚಾರ ಸಮಿತಿಯ ಮುಖ್ಯಸ್ಥರಿಗೆ ಹೋಯಿತು. ಹದಿಹರೆಯದ ಹುಡುಗನೊಬ್ಬನ ಸುರಕ್ಷತೆಯ ವಿಷಯ ಚುನಾವಣೆ ಗೆಲ್ಲಿಸುವ ಹೊಣೆ ಹೊತ್ತವರ ಮೇಜಿಗೆ ಹೋಗಿ ಬೀಳುವುದರಲ್ಲೇ ಪ್ರಶ್ನೆ ಬದಲಾದ ಬಗೆ ಕಾಣುತ್ತದೆ.

2006ರ ಡಿಸೆಂಬರ್‌ನಲ್ಲಿ ಸದನದ ನೀತಿ ಸಮಿತಿ ವರದಿ ನೀಡಿತು. ಯಾರೂ ನಿಯಮ ಮುರಿದಿಲ್ಲ, ಆದರೆ ತಿಳಿದುಕೊಳ್ಳಬೇಕಾದವರು ಬೇಕೆಂದೇ ತಿಳಿಯದೆ ಉಳಿದರು ಎಂಬುದು ಅದರ ಸಾರ. ಎದುರು ಪಕ್ಷದ ಕಡೆಯ ಸಿಬ್ಬಂದಿಯ ಕೈಗೂ ಆ ಸಂದೇಶಗಳು ಮೊದಲೇ ಸಿಕ್ಕಿದ್ದವು. ಅವು ಪತ್ರಿಕೆಗಳತ್ತ ಹೋದವೇ ಹೊರತು ಹುಡುಗರ ಮೇಲ್ವಿಚಾರಣೆ ಮಾಡುವವರತ್ತ ಹೋಗಲಿಲ್ಲ. ಒಂದು ಕಡೆಗೆ ಅದು ಮುಚ್ಚಿಡಬೇಕಾದ ವಸ್ತು, ಇನ್ನೊಂದು ಕಡೆಗೆ ಬಳಸಬಹುದಾದ ಅಸ್ತ್ರ. ಹುಡುಗರು ಎರಡೂ ಲೆಕ್ಕದಲ್ಲಿ ಇರಲಿಲ್ಲ. ಆಗ ಸದನದ ಸಭಾಧ್ಯಕ್ಷರಾಗಿದ್ದ ಡೆನ್ನಿಸ್ ಹ್ಯಾಸ್ಟರ್ಟ್, ತಾವು ಶಾಲೆಯಲ್ಲಿ ಕುಸ್ತಿ ತರಬೇತುದಾರರಾಗಿದ್ದಾಗ ವಿದ್ಯಾರ್ಥಿಗಳ ಮೇಲೆ ಎಸಗಿದ ದೌರ್ಜನ್ಯವನ್ನು ಮುಚ್ಚಿಹಾಕಲು ಕೊಡುತ್ತಿದ್ದ ಹಣದ ವಿಷಯದಲ್ಲಿ ಬ್ಯಾಂಕ್ ನಿಯಮ ಮುರಿದದ್ದಕ್ಕಾಗಿ 2016ರಲ್ಲಿ 15 ತಿಂಗಳ ಸೆರೆವಾಸಕ್ಕೆ ಗುರಿಯಾದರು ಎಂಬುದನ್ನೂ ಇಲ್ಲಿ ನೆನೆಯಬೇಕಾಗುತ್ತದೆ.

ಉಪಕಾರವೇ ಸಾಲವಾದಾಗ

ಪಕ್ಷದ ಸದಸ್ಯರು ಸದನದಲ್ಲಿ ಪಕ್ಷದ ನಿಲುವಿಗೆ ತಕ್ಕಂತೆ ಮತ ಹಾಕುವಂತೆ ನೋಡಿಕೊಳ್ಳುವವರನ್ನು ಸಚೇತಕರು ಎನ್ನುತ್ತಾರೆ. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿ ಸಚೇತಕರಾಗಿದ್ದ ಟಿಮ್ ಫೋರ್ಟೆಸ್ಕ್ಯೂ 1995ರಲ್ಲಿ ದೂರದರ್ಶನದ ಕಾರ್ಯಕ್ರಮವೊಂದರಲ್ಲಿ ತಮ್ಮ ಕೆಲಸವನ್ನು ವಿವರಿಸಿದ್ದರು. ಸಂಸದರು ಸಾಲದಲ್ಲಿಯೋ ಹಗರಣದಲ್ಲಿಯೋ ಸಿಕ್ಕಿಕೊಂಡಾಗ ಸಚೇತಕರ ಬಳಿ ಬರುತ್ತಿದ್ದರು, ಹುಡುಗರಿಗೆ ಸಂಬಂಧಿಸಿದ ಹಗರಣಗಳೂ ಅವುಗಳಲ್ಲಿ ಇರಬಹುದಿತ್ತು, ಅಂಥವರನ್ನು ಪಾರು ಮಾಡಿದರೆ ಅವರು ಮುಂದೆ ಎಂದೆಂದಿಗೂ ಹೇಳಿದಂತೆ ಕೇಳುತ್ತಿದ್ದರು ಎಂಬ ಅರ್ಥದ ಮಾತುಗಳನ್ನು ಅವರು ಆಡಿದ್ದರು.

ಈ ಮಾತನ್ನು ಸ್ಟೀಲ್ ಸಾಕ್ಷ್ಯ ನುಡಿದ ಆಯೋಗವೇ ಮುಂದೆ ಪರಿಶೀಲಿಸಿತು. ಮಕ್ಕಳ ಮೇಲಿನ ದೌರ್ಜನ್ಯದ ನಿರ್ದಿಷ್ಟ ಪ್ರಕರಣವನ್ನು ಸಚೇತಕರು ಮುಚ್ಚಿಹಾಕಿದ್ದಕ್ಕೆ ಅದಕ್ಕೆ ಪುರಾವೆ ಸಿಗಲಿಲ್ಲ, ಆದರೆ ಪಕ್ಷದ ಹೆಸರು ಉಳಿಸಲು ವದಂತಿಗಳನ್ನು ತಗ್ಗಿಸಿ ಹೇಳುವ ಅಭ್ಯಾಸವಿದ್ದುದು ಕಂಡುಬಂತು. ಹಾಗಿದ್ದರೂ ಫೋರ್ಟೆಸ್ಕ್ಯೂ ಅವರ ಮಾತು ಒಂದು ಯಂತ್ರದ ಒಳಭಾಗವನ್ನು ತೆರೆದು ತೋರಿಸುತ್ತದೆ. ಗುಟ್ಟನ್ನು ಬಯಲು ಮಾಡಿದರೆ ಅದರ ಬೆಲೆ ಒಂದೇ ದಿನಕ್ಕೆ ಮುಗಿಯುತ್ತದೆ. ಬಚ್ಚಿಟ್ಟರೆ ಅದು ವರ್ಷವರ್ಷವೂ ಬಡ್ಡಿ ತರುವ ಸಾಲಪತ್ರ. ಹೀಗಾಗಿ ತಪ್ಪು ಮಾಡಿದವರು ಅಧಿಕಾರದಲ್ಲಿ ಇದ್ದಷ್ಟೂ ಗುಟ್ಟು ಬಲ್ಲವರಿಗೆ ಅನುಕೂಲ.

2020ರ ಫೆಬ್ರವರಿಯಲ್ಲಿ ಪ್ರಕಟವಾದ ಅದೇ ಆಯೋಗದ ವರದಿ, ಸಂಸತ್ತಿನಲ್ಲಿ ಸಂಘಟಿತ ದೌರ್ಜನ್ಯ ಜಾಲವೊಂದು ಇತ್ತೆಂಬ ಪ್ರಚಾರಕ್ಕೆ ಆಧಾರವಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಪಕ್ಷಗಳೂ ಸಂಸ್ಥೆಗಳೂ ತಮ್ಮ ಹೆಸರನ್ನು, ರಾಜಕೀಯ ಹಿತವನ್ನು ಮಕ್ಕಳ ರಕ್ಷಣೆಗಿಂತ ಮುಂದಿಟ್ಟವು ಎಂದೂ ಅಷ್ಟೇ ಸ್ಪಷ್ಟವಾಗಿ ಹೇಳಿತು. ಇದು ದೊಡ್ಡ ಪಕ್ಷಗಳ ರೋಗ ಮಾತ್ರವೂ ಆಗಿರಲಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಗ್ರೀನ್ ಪಕ್ಷದಲ್ಲಿ, ಮಗುವಿನ ಮೇಲಿನ ಗಂಭೀರ ಅಪರಾಧಗಳ ಆರೋಪ ಹೊತ್ತು ವಿಚಾರಣೆ ಎದುರು ನೋಡುತ್ತಿದ್ದ ವ್ಯಕ್ತಿಯೊಬ್ಬರು ಚುನಾವಣಾ ಏಜೆಂಟ್ ಆಗಿ ನೇಮಕಗೊಂಡಿದ್ದ ಸಂಗತಿ 2018ರಲ್ಲಿ ಬೆಳಕಿಗೆ ಬಂದಿತ್ತು. ಎಲ್ಲರೂ ಎಲ್ಲರಿಗೂ ಪರಿಚಿತರಾಗಿರುವ ಸಣ್ಣ ಸಂಘಟನೆಗಳಲ್ಲಿ ‘ನಮ್ಮವರನ್ನು ಏನು ತಪಾಸಣೆ ಮಾಡುವುದು’ ಎಂಬ ಸಂಕೋಚ ಇನ್ನೂ ಹೆಚ್ಚು.

ಕಪಾಟು ಸೇರಿದ ವರದಿಗಳು

ನಿಷ್ಠೆ ವ್ಯಕ್ತಿಯ ಮೇಲೆಯೇ ಇರಬೇಕೆಂದಿಲ್ಲ. ಒಂದು ಊರಿನ ಆಡಳಿತದ ಮೇಲೆ, ಒಂದು ನಂಬಿಕೆಯ ಮೇಲೆ ಇರುವ ನಿಷ್ಠೆಯೂ ಇದೇ ಕೆಲಸ ಮಾಡುತ್ತದೆ. ಇಂಗ್ಲೆಂಡಿನ ರಾಥರ್‌ಹ್ಯಾಮ್ ಪಟ್ಟಣದಲ್ಲಿ 1997ರಿಂದ 2013ರ ನಡುವೆ ಕಡಿಮೆಯೆಂದರೂ ಸುಮಾರು 1,400 ಮಕ್ಕಳು ಲೈಂಗಿಕ ಶೋಷಣೆಗೆ ಒಳಗಾದರೆಂದು ಪ್ರೊಫೆಸರ್ ಅಲೆಕ್ಸಿಸ್ ಜೇ 2014ರ ಆಗಸ್ಟ್‌ನಲ್ಲಿ ನೀಡಿದ ವರದಿ ಅಂದಾಜು ಮಾಡಿತು. ಅದಕ್ಕೂ ಮೊದಲು 2002, 2003 ಮತ್ತು 2006ರಲ್ಲಿ ಮೂರು ವರದಿಗಳು ಇದೇ ಅಪಾಯವನ್ನು ಎತ್ತಿ ತೋರಿಸಿದ್ದವು. ಮೊದಲನೆಯದನ್ನು ಅದುಮಲಾಯಿತು, ಉಳಿದೆರಡನ್ನು ಕಡೆಗಣಿಸಲಾಯಿತು.

ಹಲವು ದಶಕ ಒಂದೇ ಪಕ್ಷದ ಹಿಡಿತದಲ್ಲಿದ್ದ ಪಾಲಿಕೆ ಅದು. ಎದುರು ಕುಳಿತು ಪ್ರಶ್ನೆ ಕೇಳುವವರು ತೀರ ಕಡಿಮೆಯಿದ್ದಾಗ ಅಧಿಕಾರಿಗೂ ಚುನಾಯಿತ ಪ್ರತಿನಿಧಿಗೂ ನಡುವೆ ಇರಬೇಕಾದ ಅಂತರ ಕರಗಿಹೋಗುತ್ತದೆ. ಇದರ ಜೊತೆಗೆ ಇನ್ನೊಂದು ಅಳುಕೂ ಸೇರಿತ್ತು. ಸಂತ್ರಸ್ತರಲ್ಲಿ ಹೆಚ್ಚಿನವರು ಆರೋಪಿಗಳನ್ನು ಪಾಕಿಸ್ತಾನ ಮೂಲದವರೆಂದು ಗುರುತಿಸಿದ್ದರು. ಅದನ್ನು ದಾಖಲಿಸಿದರೆ ಜನಾಂಗದ್ವೇಷಿಗಳೆಂಬ ಹೆಸರು ಬರುತ್ತದೆಂದು ಕೆಲವು ಸಿಬ್ಬಂದಿ ಹೆದರಿದ್ದರು. ಸಮುದಾಯಗಳ ನಡುವಿನ ಸಾಮರಸ್ಯ ಕಾಯುವುದು ಒಳ್ಳೆಯ ಉದ್ದೇಶವೇ. ಆದರೆ ಪಾಲಿಕೆ ಆ ಸಮುದಾಯದೊಡನೆ ಮಾತನಾಡಿದ್ದು ಹೆಚ್ಚಾಗಿ ಅದರ ಪಾಲಿಕೆ ಸದಸ್ಯರು ಮತ್ತು ಇಮಾಮರ ಮೂಲಕ ಮಾತ್ರ ಎಂದು ಜೇ ವರದಿ ಗುರುತಿಸುತ್ತದೆ. ಹೀಗಾಗಿ ಅದೇ ಸಮುದಾಯದ ಹೆಣ್ಣುಮಕ್ಕಳು ತಮ್ಮ ಮೇಲಾದ ಅನ್ಯಾಯವನ್ನು ಹೇಳಿಕೊಳ್ಳುವ ದಾರಿಯೂ ಮುಚ್ಚಿತ್ತು. ಇಡೀ ಸಮುದಾಯವನ್ನೇ ದೂರುವವರು ಮತ್ತು ಸಮುದಾಯದ ಹೆಸರಿನಲ್ಲಿ ಮೌನ ವಹಿಸುವವರು, ಇಬ್ಬರ ಕಣ್ಣಿಗೂ ಈ ಹುಡುಗಿಯರು ಬಿದ್ದಿರಲಿಲ್ಲ ಎಂಬುದು ಈ ವರದಿ ಓದಿದ ಮೇಲೆ ಮನಸ್ಸಿನಿಂದ ಹೋಗದ ಮಾತು.

ವರದಿ ಬಂದ ಮೇಲೂ ಪಾಲಿಕೆ ಸತ್ಯವನ್ನು ಒಪ್ಪಲು ಹಿಂಜರಿಯಿತು. 2015ರ ಫೆಬ್ರವರಿಯಲ್ಲಿ ಲೂಯಿಸ್ ಕೇಸಿ ನಡೆಸಿದ ಎರಡನೆಯ ಪರಿಶೀಲನೆ, ಪಾಲಿಕೆ ಇನ್ನೂ ನಿರಾಕರಣೆಯಲ್ಲೇ ಇದೆಯೆಂದು ಹೇಳಿತು. ಅದಾದ ಮೇಲೆ ಸರ್ಕಾರ ಆಡಳಿತವನ್ನು ಆಯುಕ್ತರ ಕೈಗೆ ಒಪ್ಪಿಸಿತು. ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿಯೂ ಇಂಥದೇ ನಡೆದಿತ್ತು: 1992ರಲ್ಲಿ ಅಲ್ಲಿನ ಮಕ್ಕಳ ವಸತಿಗೃಹಗಳ ಸ್ಥಿತಿಯನ್ನು ಪತ್ರಿಕೆಯೊಂದು ಬಯಲು ಮಾಡಿದಾಗ ಪಾಲಿಕೆ ಮೊದಲು ಪತ್ರಿಕೆಯನ್ನೇ ಜರೆಯಿತು, 1995ರ ವಿಚಾರಣಾ ವರದಿ ಪಾಲಿಕೆಯ ವೈಫಲ್ಯವನ್ನು ದೃಢಪಡಿಸಿತು.

ಮಂತ್ರಿಗೆ ‘ಆಗದು’ ಎನ್ನುವವರು ಯಾರು?

ನಿಷ್ಠೆ ಎಂದರೆ ಯಾವಾಗಲೂ ಪ್ರೀತಿಯಲ್ಲ. ಮೇಲಿನವರ ಮಾತಿಗೆ ಎದುರಾಡಿದರೆ ಕೆಲಸ ಹೋದೀತು ಎಂಬ ಭಯವೂ ಹೊರಗಿನಿಂದ ನೋಡುವವರಿಗೆ ನಿಷ್ಠೆಯಂತೆಯೇ ಕಾಣುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ನಡೆದದ್ದು ಇದಕ್ಕೆ ನಿದರ್ಶನ.

2015ರ ಅಕ್ಟೋಬರ್‌ನಲ್ಲಿ ಗೌಟೆಂಗ್ ಪ್ರಾಂತ್ಯದ ಆರೋಗ್ಯ ಮಂತ್ರಿ ಕೆದಾನಿ ಮಹ್ಲಂಗು, ತೀವ್ರ ಮಾನಸಿಕ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದ ಲೈಫ್ ಎಸಿಡಿಮೆನಿ ಎಂಬ ಖಾಸಗಿ ಸಂಸ್ಥೆಯೊಂದಿಗಿನ ಒಪ್ಪಂದವನ್ನು ಕೊನೆಗೊಳಿಸುವುದಾಗಿ ಪ್ರಕಟಿಸಿದರು. ವೆಚ್ಚ ತಗ್ಗಿಸುವುದು ಹೇಳಿದ ಕಾರಣಗಳಲ್ಲಿ ಒಂದು. ಮನೋವೈದ್ಯರು ಎಚ್ಚರಿಸಿದರು. ರೋಗಿಗಳ ಕುಟುಂಬದವರು ಪ್ರತಿಭಟಿಸಿದರು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಆದರೂ 2016ರಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಅವಸರದಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಸಾಗಿಸಲಾಯಿತು. ಕೆಲವರ ಕಡತಗಳು ಜೊತೆಗೆ ಹೋಗಲಿಲ್ಲ. ಕೆಲವು ಕುಟುಂಬಗಳಿಗೆ ತಮ್ಮವರನ್ನು ಎಲ್ಲಿಗೆ ಕಳಿಸಿದ್ದಾರೆ ಎಂಬುದೂ ತಿಳಿಯಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಪ್ರಾಂತ್ಯದ ಶಾಸನಸಭೆಯಲ್ಲಿ ಪ್ರಶ್ನೆಯೊಂದಕ್ಕೆ ಉತ್ತರಿಸುತ್ತ ಮಂತ್ರಿ 36 ಮಂದಿ ಸತ್ತಿರುವುದಾಗಿ ಹೇಳಿದರು. 2017ರ ಫೆಬ್ರವರಿ 1ರಂದು ಆರೋಗ್ಯ ಲೋಕಪಾಲ ಮಲೆಗಪುರು ಮಖೋಬಾ ವರದಿ ನೀಡಿದಾಗ ಆ ಸಂಖ್ಯೆ 94ನ್ನು ದಾಟಿತ್ತು. ಕೊನೆಗೆ ನಿಂತದ್ದು 144ಕ್ಕೆ. ರೋಗಿಗಳನ್ನು ತೆಗೆದುಕೊಂಡ 27 ಸಂಸ್ಥೆಗಳಲ್ಲಿ ಒಂದರ ಬಳಿಯೂ ಸಿಂಧುವಾದ ಪರವಾನಗಿ ಇರಲಿಲ್ಲ. ಹಸಿವು, ನಿರ್ಜಲೀಕರಣ, ಚಳಿ ಮತ್ತು ಸೋಂಕಿನಿಂದ ಜನ ಸತ್ತಿದ್ದರು.

ಇಷ್ಟು ಜನ ಅಧಿಕಾರಿಗಳು ನೋಡುತ್ತಿದ್ದಾಗ ಇದು ಹೇಗೆ ನಡೆಯಿತು? ಮೇಲಿನಿಂದ ಬಂದ ತೀರ್ಮಾನ ಅಂತಿಮ, ಅದರ ಬಗ್ಗೆ ಚರ್ಚೆಯಿಲ್ಲ ಎಂಬ ವಾತಾವರಣವನ್ನು ಲೋಕಪಾಲರ ವರದಿ ದಾಖಲಿಸಿದೆ. ಕೆಳಗಿನವರು ಹೆದರಿದ್ದರು. ಪರವಾನಗಿಗೆ ಸಹಿ ಹಾಕಿದವರಿಗೂ, ವಾಹನ ಗೊತ್ತು ಮಾಡಿದವರಿಗೂ ತಮ್ಮ ಪಾಲಿನ ಕೆಲಸ ಸಣ್ಣದಾಗಿ, ಆಡಳಿತದ ಸಾಮಾನ್ಯ ಕೆಲಸವಾಗಿ ಕಂಡಿರಬೇಕು. ರೋಗಿಗಳಿಗೆ ಎದುರಾಡುವ ಶಕ್ತಿಯಿಲ್ಲ. ಶಕ್ತಿಯಿದ್ದವರು ಬಾಯಿ ತೆರೆಯಲಿಲ್ಲ.

ಮಹ್ಲಂಗು ವರದಿ ಪ್ರಕಟವಾಗುವ ಹೊತ್ತಿಗೆ ರಾಜೀನಾಮೆ ನೀಡಿದರು. 2018ರ ಮಾರ್ಚ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಡಿಕ್‌ಗಾಂಗ್ ಮೊಸೆನೆಕೆ ಕುಟುಂಬಗಳಿಗೆ ಪರಿಹಾರ ಕೊಡುವಂತೆ ತೀರ್ಪಿತ್ತರು. ಅದೇ ವರ್ಷದ ಜುಲೈನಲ್ಲಿ ಅಲ್ಲಿನ ಆಡಳಿತ ಪಕ್ಷದ ಪ್ರಾಂತೀಯ ಸಮ್ಮೇಳನ ಮಹ್ಲಂಗು ಅವರನ್ನು ತನ್ನ ಕಾರ್ಯಕಾರಿ ಸಮಿತಿಗೆ ಚುನಾಯಿಸಿತು. ಪಕ್ಷದೊಳಗಿನ ಲೆಕ್ಕಕ್ಕೂ ಹೊರಗಿನ ಲೆಕ್ಕಕ್ಕೂ ಎಷ್ಟು ದೂರ ಎಂಬುದನ್ನು ಸತ್ತವರ ಕುಟುಂಬಗಳು ಆ ದಿನ ಮತ್ತೊಮ್ಮೆ ಕಂಡವು. 2024ರ ಜುಲೈನಲ್ಲಿ ಮರಣ ವಿಚಾರಣೆ ನಡೆಸಿದ ನ್ಯಾಯಾಲಯ, 9 ಸಾವುಗಳಿಗೆ ಅವರನ್ನೂ ಪ್ರಾಂತ್ಯದ ಮಾನಸಿಕ ಆರೋಗ್ಯ ವಿಭಾಗದ ಆಗಿನ ಮುಖ್ಯಸ್ಥೆಯನ್ನೂ ಹೊಣೆಯಾಗಿಸಿತು.

ಬೇಲಿಯೇ ಎದ್ದು ಹೊಲ ಮೇಯ್ದಾಗ

ಬಿಹಾರದ ಮುಜಫ್ಫರ್‌ಪುರದ ಬಾಲಕಿಯರ ಆಶ್ರಯಗೃಹದ ಪ್ರಕರಣ ಭಾರತದ ಓದುಗರಿಗೆ ನೆನಪಿರಬಹುದು. ಅದನ್ನು ನಡೆಸುತ್ತಿದ್ದ ಬ್ರಜೇಶ್ ಠಾಕೂರ್ ಪತ್ರಿಕೆಯೊಂದರ ಮಾಲೀಕ, ಹಿಂದೆ ಚುನಾವಣೆಗೆ ನಿಂತಿದ್ದವನು, ಪಟ್ಟಣದ ಪ್ರಭಾವಿಗಳಿಗೆ ಹತ್ತಿರದವನು. ಸರ್ಕಾರದ ಹಣದಲ್ಲೇ ಸಂಸ್ಥೆ ನಡೆಯುತ್ತಿತ್ತು. 2018ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡ ರಾಜ್ಯದ ಆಶ್ರಯಗೃಹಗಳ ಪರಿಶೀಲನೆ ನಡೆಸಿ ಕೊಟ್ಟ ವರದಿಯಿಂದ ಅಲ್ಲಿನ ಲೈಂಗಿಕ ದೌರ್ಜನ್ಯ ಹೊರಬಿತ್ತು. ಆಗಸ್ಟ್‌ನಲ್ಲಿ ಸಮಾಜ ಕಲ್ಯಾಣ ಸಚಿವೆ, ತಮ್ಮ ಪತಿಗೆ ಠಾಕೂರ್ ಜೊತೆ ಸಂಪರ್ಕವಿತ್ತೆಂಬ ಆರೋಪದ ನಡುವೆ ರಾಜೀನಾಮೆ ನೀಡಿದರು. ಸುಪ್ರೀಂ ಕೋರ್ಟ್ ವಿಚಾರಣೆಯನ್ನು ದೆಹಲಿಗೆ ವರ್ಗಾಯಿಸಿತು. 2020ರ ಜನವರಿಯಲ್ಲಿ 19 ಮಂದಿ ತಪ್ಪಿತಸ್ಥರೆಂದು ತೀರ್ಮಾನವಾಗಿ, ಫೆಬ್ರವರಿಯಲ್ಲಿ ಠಾಕೂರ್‌ಗೆ ಬದುಕಿರುವ ತನಕ ಸೆರೆವಾಸದ ಶಿಕ್ಷೆಯಾಯಿತು.

ಆ 19 ಮಂದಿಯಲ್ಲಿ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಸೇರಿದವರಿದ್ದರು, ಮಕ್ಕಳ ರಕ್ಷಣಾ ಅಧಿಕಾರಿಯೂ ಇದ್ದರು. ಆಶ್ರಯಗೃಹಕ್ಕೆ ಹೋಗಿ ಮಕ್ಕಳು ಕ್ಷೇಮವೇ ಎಂದು ನೋಡಿ ಬರಬೇಕಾದವರು ಇವರೇ. ದೂರು ಹೇಳಬೇಕಾದ ಬಾಲಕಿಗೆ ದೂರು ಕೇಳುವವನೇ ಆರೋಪಿಯ ಆಪ್ತನಾಗಿದ್ದರೆ ಕಾನೂನಿನ ಪುಸ್ತಕದಲ್ಲಿ ಏನಿದ್ದರೂ ಅವಳ ಪಾಲಿಗೆ ಅದು ಇಲ್ಲದಂತೆಯೇ.

ತಪ್ಪಿತಸ್ಥನೆಂದು ತೀರ್ಮಾನವಾಗುವ ಮೊದಲು

ಇಷ್ಟು ಓದಿದವರಿಗೆ ನ್ಯಾಯವಾದ ಒಂದು ಸಂದೇಹ ಬರಬಹುದು. ಆರೋಪ ಸುಳ್ಳಾಗಿದ್ದರೆ? ರಾಜಕೀಯದಲ್ಲಿ ವಿರೋಧಿಯ ಹೆಸರು ಕೆಡಿಸಲು ಸುಳ್ಳು ಹೇಳುವವರೂ ಇರುತ್ತಾರಲ್ಲ?

ಇರುತ್ತಾರೆ. 2014ರಲ್ಲಿ ಲಂಡನ್ ಪೊಲೀಸರ ಮುಂದೆ ಒಬ್ಬ ವ್ಯಕ್ತಿ ಹಲವು ಗಣ್ಯರ ಮೇಲೆ ಮಕ್ಕಳ ಹತ್ಯೆಯವರೆಗಿನ ಆರೋಪಗಳನ್ನು ಮಾಡಿದ. ತನಿಖೆ ಸರಿಯಾಗಿ ಶುರುವಾಗುವ ಮೊದಲೇ ಹಿರಿಯ ಅಧಿಕಾರಿಯೊಬ್ಬರು ಅವನ ಮಾತು ನಂಬಲರ್ಹವೂ ನಿಜವೂ ಆಗಿದೆಯೆಂದು ಬಹಿರಂಗವಾಗಿ ಹೇಳಿದರು. ಆರೋಪಗಳೆಲ್ಲ ಕಟ್ಟುಕತೆಯೆಂದು ಗೊತ್ತಾಗಿ 2019ರ ಜುಲೈನಲ್ಲಿ ಆ ವ್ಯಕ್ತಿಗೇ 18 ವರ್ಷ ಶಿಕ್ಷೆಯಾಯಿತು. ವಯಸ್ಸಾದ ನಿರಪರಾಧಿಗಳು ಅಷ್ಟರಲ್ಲಿ ಬಹಳ ನೊಂದಿದ್ದರು, ನಿಜವಾದ ಸಂತ್ರಸ್ತರ ಮಾತನ್ನು ನಂಬುವವರೂ ಕಡಿಮೆಯಾದರು.

ಆದ್ದರಿಂದ ಎರಡು ಕೆಲಸಗಳನ್ನು ಬೇರೆಬೇರೆಯಾಗಿ ಇಡಬೇಕಾಗುತ್ತದೆ. ಶಿಕ್ಷೆ ಕೊಡಲು ಸಂದೇಹಕ್ಕೆ ಎಡೆಯಿಲ್ಲದ ಪುರಾವೆ ಬೇಕು, ಅಲ್ಲಿಯವರೆಗೆ ಯಾರೂ ಅಪರಾಧಿಗಳಲ್ಲ. ಆದರೆ ಆರೋಪ ಹೊತ್ತವರನ್ನು ತನಿಖೆ ಮುಗಿಯುವ ತನಕ ಮಕ್ಕಳ ಸಂಪರ್ಕವಿರುವ ಹೊಣೆಯಿಂದ ದೂರ ಇರಿಸುವುದು ಶಿಕ್ಷೆಯಲ್ಲ. ಅದು ಅನಿಲದ ಕೊಳವೆ ಮುಚ್ಚಿದಂತೆ. ರಾಜಕೀಯ ನಿಷ್ಠೆ ಈ ಎರಡನ್ನೂ ಬೆರೆಸುತ್ತದೆ. ನಮ್ಮವರ ಮೇಲೆ ಆರೋಪ ಬಂದರೆ ಶಿಕ್ಷೆಗೆ ಬೇಕಾದಷ್ಟು ಪುರಾವೆಯನ್ನು ಮುನ್ನೆಚ್ಚರಿಕೆಗೂ ಕೇಳುತ್ತದೆ. ಎದುರಿನವರ ಮೇಲೆ ಬಂದರೆ ಮುನ್ನೆಚ್ಚರಿಕೆಗೆ ಸಾಕಾಗುವ ಅನುಮಾನದ ಮೇಲೆಯೇ ಶಿಕ್ಷೆ ಬೇಡುತ್ತದೆ. ಒಂದೇ ಬಾಯಿ ಎರಡು ಅಳತೆ ಹೇಳುತ್ತಿದೆಯೆಂದರೆ ಅಲ್ಲಿ ಕೆಲಸ ಮಾಡುತ್ತಿರುವುದು ನಿಷ್ಠೆ ಎಂದು ಗುರುತಿಸಬಹುದು.

ತಡೆಯುವ ಏರ್ಪಾಡುಗಳು

ಜನರ ಮನಸ್ಸಿನಿಂದ ನಿಷ್ಠೆಯನ್ನು ತೆಗೆದುಹಾಕಲು ಆಗುವುದಿಲ್ಲ, ಅದರ ಅಗತ್ಯವೂ ಇಲ್ಲ. ನಿಷ್ಠೆ ಇರುವವರ ಕೈಗೆ ತೀರ್ಮಾನ ಸಿಗದಂತೆ ಮಾಡುವುದು ಸಾಧ್ಯ. ಆಟಗಾರ ಎಷ್ಟೇ ಪ್ರಾಮಾಣಿಕನಾದರೂ ತನ್ನ ತಂಡದ ಪಂದ್ಯಕ್ಕೆ ಅವನನ್ನೇ ಅಂಪೈರ್ ಮಾಡುವುದಿಲ್ಲವಲ್ಲ, ಅದೇ ವಿವೇಕ ಇದು.

ಮೊದಲ ಏರ್ಪಾಡು ವರದಿ ಮಾಡುವ ಕಡ್ಡಾಯ ಹೊಣೆ. ಭಾರತದ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಅಥವಾ ನಡೆಯಬಹುದೆಂಬ ಆತಂಕವುಳ್ಳ ಯಾರೇ ಆಗಲಿ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಡಿ 6 ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮರೆಮಾಚಿದರೆ 1 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಬ್ರಿಟನ್ನಿನ ಆಯೋಗವೂ 2022ರ ಅಕ್ಟೋಬರ್‌ನಲ್ಲಿ ನೀಡಿದ ಅಂತಿಮ ವರದಿಯಲ್ಲಿ ಕಡ್ಡಾಯ ವರದಿಯ ಕಾನೂನನ್ನು ಶಿಫಾರಸು ಮಾಡಿತು. ಇದರ ಪ್ರಯೋಜನ ಶಿಕ್ಷೆಯ ಭಯಕ್ಕಿಂತ ಮಿಗಿಲಾದದ್ದು. ‘ನಾನು ದ್ರೋಹ ಬಗೆಯುತ್ತಿಲ್ಲ, ಕಾನೂನು ನನ್ನಿಂದ ಇದನ್ನು ಮಾಡಿಸುತ್ತಿದೆ’ ಎಂದು ಹೇಳಿಕೊಳ್ಳಲು ಅದು ಸಾಮಾನ್ಯ ಕಾರ್ಯಕರ್ತರಿಗೆ, ಗುಮಾಸ್ತರಿಗೆ ಆಸರೆ ಕೊಡುತ್ತದೆ.

ಎರಡನೆಯದು ಬರವಣಿಗೆ. ಬಾಯಿಮಾತಿನ ದೂರು ಗಾಳಿಯಲ್ಲಿ ಹೋಗುತ್ತದೆ. ದಿನಾಂಕ, ಹೇಳಿದವರು, ಕೇಳಿದವರು, ಕೈಗೊಂಡ ಕ್ರಮ ಇಷ್ಟನ್ನು ಬರೆದಿಟ್ಟರೆ ಮುಂದೆ ಯಾರೂ ‘ನನಗೆ ತಿಳಿದಿರಲಿಲ್ಲ’ ಎನ್ನಲಾರರು. ಆರೋಪಿಗೆ ಆಪ್ತರಾದವರು, ಅದೇ ಬಣದವರು ಆ ವಿಷಯದ ತೀರ್ಮಾನದಿಂದ ಹೊರಗುಳಿಯಬೇಕು, ದೂರು ಹೇಳಿದವರಿಗೆ ಕಿರುಕುಳ ಆಗದಂತೆ ನೋಡಿಕೊಳ್ಳಬೇಕು ಎಂಬ ನಿಯಮಗಳೂ ಬೇಕೇಬೇಕು.

ಮೂರನೆಯದು ಹೊರಗಿನ ಕಣ್ಣು, ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಇದೇ ಎಂದು ಮೇಲಿನ ಪ್ರಕರಣಗಳು ತೋರಿಸುತ್ತವೆ. ಆದರೆ ಹೊರಗಿನವರು ಬಂದು ಹಾಜರಿ ಪುಸ್ತಕ ನೋಡಿ ಹೋದರೆ ಸಾಲದು. ಸಂಸ್ಥೆಯ ಸಿಬ್ಬಂದಿ ಎದುರಿಗಿಲ್ಲದ ಕಡೆ ಅಲ್ಲಿ ವಾಸಿಸುವವರ ಜೊತೆ ಕುಳಿತು, ಅವರಿಗೆ ಹೇಳಬೇಕೆನಿಸುವ ತನಕ ಕಾದು ಕೇಳಬೇಕು. ಹಾಗೆ ಕೇಳಿ ಬರೆದ ವರದಿಯನ್ನು ಯಾರ ಮೇಲೆ ವರದಿಯಾಗಿದೆಯೋ ಅವರ ಕೈಗೆ ಮಾತ್ರ ಕೊಟ್ಟು ಸುಮ್ಮನಾಗದೆ ಸಾರ್ವಜನಿಕರ ಮುಂದಿಡಬೇಕು. ಮುಜಫ್ಫರ್‌ಪುರದ ಆಶ್ರಯಗೃಹಕ್ಕೆ ತಪಾಸಣೆಯ ಹೊಣೆ ಹೊತ್ತವರು ಮೊದಲಿನಿಂದಲೂ ಇದ್ದರು. ಬಾಲಕಿಯರ ಮಾತು ಹೊರಗೆ ಬಂದದ್ದು ಆ ಪಟ್ಟಣದ ಯಾರ ಹಂಗೂ ಇಲ್ಲದ ತಂಡವೊಂದು ಬಾಗಿಲು ತಟ್ಟಿದ ಮೇಲೆ.